ಅಮೆರಿಕದ ಕೌಂಟಿ ಕೋರ್ಟಲ್ಲಿರೋ ಕ್ರಿಮಿನಲ್ ಕೇಸ್ ಫೈಲ್: ಹುಡುಕೋದು ಹೇಗೆ, ತರಿಸ್ಕೊಳ್ಳೋದು ಹೇಗೆ?

ಈ ಸಲದ ವಿಷಯ ಕೇಳಿದ ತಕ್ಷಣ, ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಕೂತಿರೋ ನಮಗೆ ಅಮೆರಿಕದ ಕೌಂಟಿ ಕೋರ್ಟಿನ ರೆಕಾರ್ಡ್ ಕಟ್ಟಿಕೊಂಡು ಏನಾಗಬೇಕು ಅಂತ ಅನಿಸಬಹುದು. ಬೇಕಾಗತ್ತೆ. ಎಂ.ಎಸ್. ಓದೋಕೆ ಹೋದಾಗ ಸೆಲ್ಫ್ ಚೆಕ್‌ಔಟ್ ಕೌಂಟರ್‌ನಲ್ಲಿ ಎರಡು ಐಟಂ ಸ್ಕ್ಯಾನ್ ಮಾಡದೆ ಹೊರಗೆ ಬಂದು ಸಿಕ್ಕಿಹಾಕಿಕೊಂಡವರಿದ್ದಾರೆ. ಪಾರ್ಟಿ ಮುಗಿಸಿ ಕಾರು ಓಡಿಸಿ ಕುಡಿದು ಚಾಲನೆ ಕೇಸ್ ಹಾಕಿಸಿಕೊಂಡವರಿದ್ದಾರೆ. ಕೇಸ್ ಮುಗಿದು, ದಂಡ ಕಟ್ಟಿ, ಊರಿಗೆ ವಾಪಸ್ ಬಂದು ಆರೇಳು ವರ್ಷ ಆಗಿರತ್ತೆ. ಆಮೇಲೆ ಇನ್ನೊಂದು ವೀಸಾಕ್ಕೆ ಅರ್ಜಿ ಹಾಕಿದಾಗ, ಅಥವಾ ಅಲ್ಲೇ ಇದ್ದವರು ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿದಾಗ, ಒಂದು ಪ್ರಶ್ನೆ ಬರತ್ತೆ: ಆ ಕೇಸ್ ಕೊನೆಗೆ ಏನಾಯ್ತು, ಕೋರ್ಟಿನ ಪೇಪರ್ ಎಲ್ಲಿ?

ಆಗ ಶುರುವಾಗತ್ತೆ ಪರದಾಟ. ಲಾಯರ್ ನಂಬರ್ ಸಿಗಲ್ಲ, ಹಳೇ ಇಮೇಲ್ ಡಿಲೀಟ್ ಆಗಿದೆ, ಯಾವ ಕೋರ್ಟ್ ಅನ್ನೋದೇ ನೆನಪಿಲ್ಲ. ಇವತ್ತಿನ ಎಪಿಸೋಡ್ ಅವರಿಗೆ. ಇನ್ನೊಂದು ಗುಂಪೂ ಇದೆ, ಅಮೆರಿಕದ ವರನ ಬಗ್ಗೆ ವಿಚಾರಿಸೋ ಮನೆಯವರು. ಅವರ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ, ಯಾಕಂದ್ರೆ ಅಲ್ಲಿ ಸ್ವಲ್ಪ ಎಚ್ಚರಿಕೆ ಹೇಳೋದಿದೆ. ನಾನು ಬಿ.ಕಾಂ. ಓದಿದ್ದು, ಲಾಯರ್ ಅಲ್ಲ. ದಾಖಲೆ ಹುಡುಕೋ ದಾರಿ ಹೇಳ್ತೀನಿ. ಆ ದಾಖಲೆ ಇಟ್ಟುಕೊಂಡು ವೀಸಾ ಅರ್ಜಿಯಲ್ಲಿ ಏನು ಬರೀಬೇಕು ಅನ್ನೋದನ್ನ ಇಮಿಗ್ರೇಶನ್ ಲಾಯರ್ ಹತ್ರವೇ ಕೇಳಿ.

ಮೊದಲು ಒಂದು ಗೊಂದಲ ಬಿಡಿಸೋಣ. ಕ್ರಿಮಿನಲ್ ರೆಕಾರ್ಡ್ ಅಂತ ನಾವು ಒಂದೇ ಪದದಲ್ಲಿ ಹೇಳೋದು ಅಲ್ಲಿ ಮೂರು ಬೇರೆ ಬೇರೆ ಆಫೀಸಿನ ಮೂರು ಬೇರೆ ಪೇಪರ್. ಅರೆಸ್ಟ್ ಆದ ದಾಖಲೆ ಇರೋದು ಪೊಲೀಸ್ ಅಥವಾ ಕೌಂಟಿ ಶೆರಿಫ್ ಹತ್ರ. ಬೆರಳಚ್ಚಿನ ಮೇಲೆ ಇಡೀ ಇತಿಹಾಸ ಒಟ್ಟು ಮಾಡಿಟ್ಟ ಪಟ್ಟಿ ಇರೋದು ರಾಜ್ಯದ ಇಲಾಖೆ ಮತ್ತು ಎಫ್‌ಬಿಐ ಹತ್ರ. ಕೇಸ್ ನಡೆದು ಏನು ತೀರ್ಮಾನ ಆಯ್ತು ಅನ್ನೋ ಫೈಲ್ ಇರೋದು ಕೋರ್ಟಿನ ಕ್ಲರ್ಕ್ ಹತ್ರ. ಅಲ್ಲಿ ಕ್ಲರ್ಕ್ ಅಂದ್ರೆ ನಮ್ಮಲ್ಲಿ ಅಂದುಕೊಳ್ಳೋ ಗುಮಾಸ್ತರಲ್ಲ, ಕೋರ್ಟಿನ ದಾಖಲೆಗಳಿಗೆಲ್ಲ ಹೊಣೆ ಇರೋ ಅಧಿಕಾರಿ. ಎಷ್ಟೋ ರಾಜ್ಯಗಳಲ್ಲಿ ಚುನಾವಣೆಯಲ್ಲಿ ಗೆದ್ದು ಬಂದಿರ್ತಾರೆ.

ವೀಸಾ ಆಫೀಸರ್ ಅಥವಾ ಅಲ್ಲಿನ ಇಮಿಗ್ರೇಶನ್ ಇಲಾಖೆ ಕೇಳೋದು ಮುಖ್ಯವಾಗಿ ಈ ಮೂರನೇದು. ಸರ್ಟಿಫೈಡ್ ಕೋರ್ಟ್ ಡಿಸ್ಪೊಸಿಶನ್ ಅಂತಾರೆ. ಡಿಸ್ಪೊಸಿಶನ್ ಅಂದ್ರೆ ಕೇಸ್ ಹೇಗೆ ಮುಗೀತು ಅನ್ನೋದು. ಎಷ್ಟೋ ಜನ ಎಫ್‌ಬಿಐ ರಿಪೋರ್ಟ್ ತರಿಸಿಕೊಂಡು ಕೆಲಸ ಆಯ್ತು ಅಂದುಕೊಳ್ತಾರೆ. ಅದರಲ್ಲಿ ಅರೆಸ್ಟ್ ಆದ ತಾರೀಕು ಇರತ್ತೆ, ಕೇಸ್ ವಜಾ ಆಗಿದ್ದು ಮಾತ್ರ ಇಲ್ಲದೇ ಇರಬಹುದು, ಯಾಕಂದ್ರೆ ಕೌಂಟಿಯವರು ಫಲಿತಾಂಶ ಮೇಲಕ್ಕೆ ಕಳಿಸಿಯೇ ಇಲ್ಲ. ಹಾಗಂತ ಅದು ದಂಡ ಅಲ್ಲ. ಯಾವ ಊರು, ಯಾವ ವರ್ಷ ಅನ್ನೋದೇ ಮರೆತಿದ್ರೆ ಎಫ್‌ಬಿಐ ಪಟ್ಟಿ ಒಳ್ಳೇ ಸುಳಿವು. ಅದರ ಫೀ 18 ಡಾಲರ್. ಭಾರತದಿಂದಲೇ ಬೆರಳಚ್ಚಿನ ಕಾರ್ಡ್ ಕಳಿಸಿ ನಿಮ್ಮದೇ ಪಟ್ಟಿ ತರಿಸಿಕೊಳ್ಳಬಹುದು.

ಇನ್ನು, ಈ ಫೈಲ್ ಯಾರು ಬೇಕಾದ್ರೂ ನೋಡಬಹುದಾ? ಬಹುಪಾಲು ಹೌದು. ಕ್ರಿಮಿನಲ್ ವಿಚಾರಣೆಗೆ ಜನ ಬಂದು ಕೂತು ನೋಡೋ ಹಕ್ಕಿದೆ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ರಿಚ್‌ಮಂಡ್ ನ್ಯೂಸ್‌ಪೇಪರ್ಸ್ ಕೇಸಲ್ಲಿ ಹೇಳಿದೆ. ಅದಕ್ಕೂ ಎರಡು ವರ್ಷ ಮೊದಲು, ನಿಕ್ಸನ್ ಮತ್ತು ವಾರ್ನರ್ ಕಮ್ಯುನಿಕೇಶನ್ಸ್ ನಡುವಿನ ಕೇಸಲ್ಲಿ, ಕೋರ್ಟಿನ ದಾಖಲೆ ನೋಡೋ, ನಕಲು ಮಾಡಿಕೊಳ್ಳೋ ಹಕ್ಕು ಸಾಮಾನ್ಯವಾಗಿ ಜನಕ್ಕಿದೆ, ಆದ್ರೆ ಅದಕ್ಕೆ ಮಿತಿಯೂ ಇದೆ ಅಂತ ಹೇಳಿತ್ತು. ಮಿತಿ ಅಂದ್ರೆ, ಬಾಲಾಪರಾಧಿಗಳ ಕೇಸ್, ಸೀಲ್ ಆದ ಫೈಲ್, ಗ್ರ್ಯಾಂಡ್ ಜ್ಯೂರಿಯ ಗುಟ್ಟಿನ ನಡಾವಳಿ, ಇಂಥವು ಸಾಮಾನ್ಯವಾಗಿ ಸಿಗಲ್ಲ.

ಇಲ್ಲಿ ಒಂದು ತಪ್ಪು ದಾರಿ ಹಿಡಿಯೋರು ಜಾಸ್ತಿ. ನಮ್ಮಲ್ಲಿ ಆರ್‌ಟಿಐ ಇದ್ದ ಹಾಗೆ ಅಲ್ಲಿ ಫೋಯಾ ಅಂತ 1966ರ ಕಾಯ್ದೆ ಇದೆಯಲ್ಲ, ಅದರಲ್ಲಿ ಅರ್ಜಿ ಹಾಕಿಬಿಡೋಣ ಅಂತ. ಫೋಯಾ ಇರೋದು ಕೇಂದ್ರ ಸರ್ಕಾರದ ಕಾರ್ಯಾಂಗದ ಇಲಾಖೆಗಳಿಗೆ. ಕೌಂಟಿ ಕೋರ್ಟಿಗೆ ಅದು ಅನ್ವಯವೇ ಆಗಲ್ಲ. ಕೋರ್ಟಿಗೆ ಕೋರ್ಟಿನದೇ ನಿಯಮ. ನಮ್ಮಲ್ಲೂ ಕಥೆ ಹೆಚ್ಚುಕಮ್ಮಿ ಇದೇನೇ: ಗುಜರಾತ್ ಹೈಕೋರ್ಟಿನ ವಿಷಯದಲ್ಲಿ 2020ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ನ್ಯಾಯಾಂಗದ ದಾಖಲೆಗಳ ಪ್ರತಿ ಬೇಕಿದ್ರೆ ಕೋರ್ಟಿನ ನಿಯಮದ ಪ್ರಕಾರ ಅರ್ಜಿ ಹಾಕಿ, ಆರ್‌ಟಿಐ ಮೂಲಕ ಅಲ್ಲ ಅಂತ ಹೇಳಿದೆ.

ಸರಿ, ಹುಡುಕೋಕೆ ಶುರು ಮಾಡೋಣ. ಇಲ್ಲಿ ನಮಗೆ ಅಭ್ಯಾಸ ಇರೋದು ಇ-ಕೋರ್ಟ್ಸ್ ಆ್ಯಪ್. 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದ್ರೆ ದೇಶದ ಯಾವ ಜಿಲ್ಲಾ ಕೋರ್ಟಿನ ಕೇಸಾದ್ರೂ ಮೊಬೈಲಲ್ಲೇ ಬರತ್ತೆ. ಅಮೆರಿಕದಲ್ಲಿ ಇಡೀ ದೇಶದ ಕೌಂಟಿ ಕೋರ್ಟ್‌ಗಳಿಗೆ ಅಂಥ ಒಂದು ಆ್ಯಪ್ ಇಲ್ಲ. ಕೇಂದ್ರದ, ಅಂದ್ರೆ ಫೆಡರಲ್ ಕೋರ್ಟ್‌ಗಳಿಗೆ ಪೇಸರ್ ಅಂತ ಒಂದಿದೆ. ಪುಟಕ್ಕೆ 10 ಸೆಂಟ್, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ರೆ ಬಿಲ್ಲೇ ಬರಲ್ಲ. ಆದ್ರೆ ಅಂಗಡಿ ಕಳ್ಳತನ, ಹೊಡೆದಾಟ, ಕುಡಿದು ಚಾಲನೆ, ಗಂಡ ಹೆಂಡತಿ ಜಗಳದ ಕೇಸ್, ಇವೆಲ್ಲ ಬಹುಮಟ್ಟಿಗೆ ರಾಜ್ಯದ ಕಾನೂನು. ಪೇಸರ್‌ನಲ್ಲಿ ಹುಡುಕಿ, ಏನೂ ಇಲ್ಲ ಅಂತ ಸಮಾಧಾನ ಪಟ್ಕೊಂಡ್ರೆ ತಪ್ಪು ಅಂಗಡಿಯಲ್ಲಿ ವಿಚಾರಿಸಿದ ಹಾಗೆ.

ಅಲ್ಲಿ 3,000ಕ್ಕೂ ಹೆಚ್ಚು ಕೌಂಟಿಗಳಿವೆ. ಟೆಕ್ಸಸ್ ಒಂದರಲ್ಲೇ 254, ಕ್ಯಾಲಿಫೋರ್ನಿಯಾದಲ್ಲಿ 58, ನ್ಯೂಜೆರ್ಸಿಯಲ್ಲಿ 21. ನಿಮಗೆ ನೆನಪಿರೋದು ಊರಿನ ಹೆಸರು, ಬೇಕಾಗಿರೋದು ಕೌಂಟಿ ಹೆಸರು. ಸನಿವೇಲ್, ಸ್ಯಾನ್ ಹೋಸೆ ಇರೋದು ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ, ಅಲ್ಲಿಂದ ಅರ್ಧ ಗಂಟೆ ದೂರದ ಫ್ರೀಮಾಂಟ್ ಅಲಮೀಡಾ ಕೌಂಟಿಯಲ್ಲಿ. ನ್ಯೂಜೆರ್ಸಿಯ ಎಡಿಸನ್ ಮಿಡ್ಲ್‌ಸೆಕ್ಸ್ ಕೌಂಟಿ. ಡಲ್ಲಾಸ್ ಹತ್ತಿರದ ಫ್ರಿಸ್ಕೋ ಇನ್ನೂ ಮಜಾ, ಊರಿನ ಒಂದು ಭಾಗ ಕಾಲಿನ್ ಕೌಂಟಿ, ಇನ್ನೊಂದು ಡೆಂಟನ್ ಕೌಂಟಿ. ಶಿಕಾಗೋ ಕಡೆಯ ನೇಪರ್‌ವಿಲ್ ಕೂಡ ಡುಪೇಜ್ ಮತ್ತು ವಿಲ್ ಅಂತ ಎರಡು ಕೌಂಟಿಗೆ ಸೇರತ್ತೆ. ಮನೆ ಎಲ್ಲಿತ್ತು ಅನ್ನೋದು ಮುಖ್ಯ ಅಲ್ಲ, ಘಟನೆ ಎಲ್ಲಿ ನಡೀತು ಅನ್ನೋದು ಮುಖ್ಯ. ಮನೆ ಫ್ರೀಮಾಂಟಲ್ಲಿದ್ದು, ಪೊಲೀಸ್ ಹಿಡಿದಿದ್ದು ಮಿಲ್ಪಿಟಾಸ್‌ನಲ್ಲಾಗಿದ್ರೆ ಫೈಲ್ ಇರೋದು ಸ್ಯಾಂಟಾ ಕ್ಲಾರಾದಲ್ಲಿ.

ಕೌಂಟಿ ಗೊತ್ತಾದ ಮೇಲೆ ಕೋರ್ಟ್ ಯಾವುದು ಅನ್ನೋದು. ಇಲ್ಲಿ ರಾಜ್ಯಕ್ಕೊಂದು ರೀತಿ. ಕ್ಯಾಲಿಫೋರ್ನಿಯಾ ಸಲೀಸು: ಕೌಂಟಿಗೆ ಒಂದೇ ಸುಪೀರಿಯರ್ ಕೋರ್ಟ್, ಚಿಕ್ಕ ಕೇಸು ದೊಡ್ಡ ಕೇಸು ಎಲ್ಲ ಅಲ್ಲೇ. ಟೆಕ್ಸಸ್‌ನಲ್ಲಿ ಹಾಗಲ್ಲ. ಫೆಲನಿ, ಅಂದ್ರೆ ಗಂಭೀರ ಅಪರಾಧ, ಡಿಸ್ಟ್ರಿಕ್ಟ್ ಕೋರ್ಟಿಗೆ. ಅದಕ್ಕಿಂತ ಕೆಳಗಿನ ಮಿಸ್‌ಡಿಮೀನರ್‌ಗಳಲ್ಲಿ ಎ ಮತ್ತು ಬಿ ದರ್ಜೆಯವು ಕೌಂಟಿ ಕೋರ್ಟಿಗೆ. ಸಿ ದರ್ಜೆ ಅಂದ್ರೆ ಬರೀ ದಂಡದ ಕೇಸ್, ಅದು ಊರಿನ ಮುನಿಸಿಪಲ್ ಕೋರ್ಟ್ ಅಥವಾ ಜಸ್ಟಿಸ್ ಆಫ್ ದಿ ಪೀಸ್ ಹತ್ರ ಹೋಗತ್ತೆ. ಟೆಕ್ಸಸ್‌ನಲ್ಲಿ 100 ಡಾಲರ್‌ಗಿಂತ ಕಡಿಮೆ ಬೆಲೆಯ ಕಳ್ಳತನ ಸಾಮಾನ್ಯವಾಗಿ ಸಿ ದರ್ಜೆ. ಅಂಥ ಕೇಸನ್ನ ಕೌಂಟಿ ಪೋರ್ಟಲ್‌ನಲ್ಲಿ ಎಷ್ಟು ಹುಡುಕಿದ್ರೂ ಸಿಗದೇ ಇರಬಹುದು, ಯಾಕಂದ್ರೆ ಅದು ಊರಿನ ಕೋರ್ಟಲ್ಲಿದೆ. ನ್ಯೂಜೆರ್ಸಿಯಲ್ಲೂ 200 ಡಾಲರ್ ಒಳಗಿನ ಅಂಗಡಿ ಕಳ್ಳತನ ಹೋಗೋದು ಊರಿನ ಮುನಿಸಿಪಲ್ ಕೋರ್ಟಿಗೆ. ನ್ಯೂಯಾರ್ಕಿನವರಂತೂ ತಮ್ಮ ವಿಚಾರಣಾ ಕೋರ್ಟಿಗೇ ಸುಪ್ರೀಂ ಕೋರ್ಟ್ ಅಂತ ಹೆಸರಿಟ್ಟಿದ್ದಾರೆ. ಅಲ್ಲಿನ ಅತಿ ಮೇಲಿನ ಕೋರ್ಟಿನ ಹೆಸರು ಕೋರ್ಟ್ ಆಫ್ ಅಪೀಲ್ಸ್. ಸುಪ್ರೀಂ ಕೋರ್ಟಲ್ಲಿ ಕೇಸಿದೆ ಅಂತ ಕೇಳಿ ಯಾರ ಮನೆಯಲ್ಲೂ ಬಿಪಿ ಏರಿಸಿಕೊಳ್ಳಬೇಡಿ.

ಆನ್‌ಲೈನ್‌ನಲ್ಲಿ ಎಷ್ಟು ಕಾಣತ್ತೆ ಅನ್ನೋದೂ ಜಾಗದ ಮೇಲೆ ಹೋಗತ್ತೆ. ವಿಸ್ಕಾನ್ಸಿನ್, ಮೇರಿಲ್ಯಾಂಡ್‌ನಲ್ಲಿ ಇಡೀ ರಾಜ್ಯಕ್ಕೆ ಒಂದೇ ವೆಬ್‌ಸೈಟ್, ಫ್ರೀಯಾಗಿ ಹೆಸರು ಹಾಕಿ ಹುಡುಕಬಹುದು. ಲಾಸ್ ಏಂಜಲೀಸ್‌ನಲ್ಲಿ ಹೆಸರು ಹಾಕಿ ಹುಡುಕೋಕೇ ಫೀ. ನ್ಯೂಯಾರ್ಕಲ್ಲಿ ಕೋರ್ಟಿನ ಆಡಳಿತ ಕಚೇರಿ ಇಡೀ ರಾಜ್ಯದ ಹುಡುಕಾಟ ಮಾಡಿಕೊಡತ್ತೆ, 95 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ನಿಯಮವೇ ತಡೆ. ಕ್ರಿಮಿನಲ್ ಕೇಸಿನ ಪಟ್ಟಿ, ತಾರೀಕು ಇವನ್ನ ವೆಬ್‌ಸೈಟಲ್ಲಿ ತೋರಿಸಬಹುದು, ಆದ್ರೆ ಒಳಗಿನ ಕಾಗದಪತ್ರಗಳನ್ನ ಸಾರ್ವಜನಿಕರು ದೂರದಿಂದ ನೋಡೋ ಹಾಗಿಲ್ಲ, ಕೋರ್ಟಿಗೇ ಹೋಗಿ ಅಲ್ಲಿನ ಕಂಪ್ಯೂಟರಲ್ಲಿ ನೋಡಬೇಕು. ಅದಕ್ಕೇ ಸ್ಯಾನ್ ಹೋಸೆಯ ಕೇಸ್ ಫೈಲ್ ಪಿಡಿಎಫ್ ಯಾಕೆ ಡೌನ್‌ಲೋಡ್ ಆಗ್ತಿಲ್ಲ ಅಂತ ರಾತ್ರಿಯೆಲ್ಲ ಬ್ರೌಸರ್ ಬದಲಾಯಿಸ್ತಾ ಕೂರಬೇಡಿ.

ಈಗ ನಮ್ಮವರಿಗೇ ವಿಶೇಷವಾಗಿ ಕಾಡೋ ವಿಷಯ: ಹೆಸರು. ಅಲ್ಲಿನ ಇಂಡೆಕ್ಸ್ ಇರೋದು ಕೊನೆ ಹೆಸರು ಮೊದಲು, ಆಮೇಲೆ ಮೊದಲ ಹೆಸರು ಅನ್ನೋ ಲೆಕ್ಕದಲ್ಲಿ. ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮ್ ಅನ್ನೋದೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು, ಎರಡು ಇನಿಶಿಯಲ್, ಆಮೇಲೆ ನಮ್ಮ ಹೆಸರು. ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದ್ರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬೀಳತ್ತೆ, ಅಂದ್ರೆ ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಪೊಲೀಸ್ ಅದನ್ನೇ ನೋಡಿ ಬರ್ಕೊಂಡಿದ್ರೆ ಕೋರ್ಟಿನ ದಾಖಲೆಯಲ್ಲಿ ನೀವು ‘ಫ್ನು ಮಂಜುನಾಥ’. ಮಂಜುನಾಥ ಅನ್ನೋದರ ಕೊನೆಗೆ ಎ ಅಕ್ಷರ ಇದೆಯಾ ಇಲ್ವಾ, ಟಿ ಆದ್ಮೇಲೆ ಎಚ್ ಇದೆಯಾ ಇಲ್ವಾ, ಶ್ರೀನಿವಾಸ ಆದ್ರೆ ಎಸ್‌ಆರ್‌ಐ, ಎಸ್‌ಎಚ್‌ಆರ್‌ಐ, ಎಸ್‌ಆರ್‌ಡಬಲ್‌ಇ, ಎಲ್ಲಾ ಸಾಧ್ಯತೆ ಹಾಕಿ ನೋಡಿ. ಅಪ್ಪನ ಹೆಸರನ್ನ ಸರ್‌ನೇಮ್ ಮಾಡಿ ಒಂದ್ಸಲ, ನಿಮ್ಮ ಹೆಸರನ್ನೇ ಸರ್‌ನೇಮ್ ಮಾಡಿ ಒಂದ್ಸಲ. ಪೋರ್ಟಲ್‌ನಲ್ಲಿ ಹೆಸರಿನ ಮೊದಲ ನಾಲ್ಕೈದು ಅಕ್ಷರ ಹಾಕಿ ಹುಡುಕೋ ಸೌಲಭ್ಯ ಇದ್ರೆ ಅದೇ ಬೆಸ್ಟ್. ಮದುವೆ ಆದ್ಮೇಲೆ ಹೆಸರು ಬದಲಾಯಿಸಿಕೊಂಡವರು ಘಟನೆ ನಡೆದಾಗ ಇದ್ದ ಹೆಸರಲ್ಲಿ ಹುಡುಕಬೇಕು.

ಕ್ಯಾಲಿಫೋರ್ನಿಯಾದಲ್ಲಿ ಇದು ಇನ್ನೂ ಕಷ್ಟ ಆಗಿದೆ. ರಿವರ್‌ಸೈಡ್ ಕೌಂಟಿಯ ಕೋರ್ಟ್ ವೆಬ್‌ಸೈಟಲ್ಲಿ ಹುಟ್ಟಿದ ತಾರೀಕು, ಡ್ರೈವಿಂಗ್ ಲೈಸೆನ್ಸ್ ನಂಬರ್ ಹಾಕಿ ಫಿಲ್ಟರ್ ಮಾಡೋಕೆ ಅವಕಾಶ ಇತ್ತು. ಅದು ನಿಯಮಕ್ಕೆ ವಿರುದ್ಧ ಅಂತ 2021ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳ್ತು. ಹಳೇ ಕೇಸ್ ಇದ್ದೋರಿಗೆ ಕೆಲಸ ಸಿಗದ ಹಾಗೆ ಆಗಬಾರದು ಅನ್ನೋರ ಸಂಘಟನೆ ಹಾಕಿದ್ದ ಕೇಸ್ ಅದು. ಖಾಸಗಿತನಕ್ಕೆ ಒಳ್ಳೇದೇ. ಆದ್ರೆ ಸಾಮಾನ್ಯ ಹೆಸರಿನವರಿಗೆ ‘ಆ ಕುಮಾರ್ ನಾನಲ್ಲ’ ಅಂತ ತೋರಿಸೋದು ಕಷ್ಟ ಆಯ್ತು. ನನ್ನ ಪ್ರಕಾರ ಎರಡೂ ಕಡೆ ನ್ಯಾಯ ಇದೆ.

ಕೇಸ್ ಸಿಕ್ಕಿತು ಅಂತ ಇಟ್ಕೊಳ್ಳಿ. ಮೊದಲು ಮಾಡಬೇಕಾದ್ದು ಕೇಸ್ ನಂಬರನ್ನ ಸ್ಕ್ರೀನ್‌ಶಾಟ್ ತೆಗೆದಿಡೋದು. ಆಮೇಲೆ ಡಾಕೆಟ್ ಓದಿ. ಕಾಮರ್ಸ್ ಓದಿದವರಿಗೆ ಇದು ಸುಲಭ: ಡಾಕೆಟ್ ಅಂದ್ರೆ ಲೆಡ್ಜರ್, ತಾರೀಕಿನ ಪ್ರಕಾರ ಒಂದೊಂದು ಎಂಟ್ರಿ. ಆರೋಪ ಪತ್ರ, ತಪ್ಪೊಪ್ಪಿಗೆ ಫಾರಂ, ಆದೇಶ ಇವೆಲ್ಲ ವೋಚರ್. ಬರೀ ಲೆಡ್ಜರ್ ನೋಡಿ ಆಡಿಟ್ ಮುಗಿಸೋಕಾಗಲ್ಲ, ವೋಚರೂ ಬೇಕು. ಯಾಕಂದ್ರೆ ಡಾಕೆಟಲ್ಲಿರೋ ಒಂದೊಂದು ಪದದ ಹಿಂದೆ ದೊಡ್ಡ ವ್ಯತ್ಯಾಸ ಇರತ್ತೆ. ಡಿಸ್‌ಮಿಸ್ಡ್ ಅಂದ್ರೆ ವಜಾ. ನೊಲ್ಲೆ ಪ್ರಾಸಿಕ್ವಿ ಅಂದ್ರೆ ಸರ್ಕಾರಿ ವಕೀಲರೇ ಕೇಸ್ ಮುಂದುವರಿಸಲ್ಲ ಅಂತ ಬಿಟ್ಟಿದ್ದು. ನೋಲೋ ಕಂಟೆಂಡರೆ ಅಂದ್ರೆ ‘ಒಪ್ಪೋದೂ ಇಲ್ಲ, ವಾದ ಮಾಡೋದೂ ಇಲ್ಲ’, ಆದ್ರೆ ಶಿಕ್ಷೆ ವಿಷಯದಲ್ಲಿ ತಪ್ಪೊಪ್ಪಿಕೊಂಡ ಹಾಗೇ ಲೆಕ್ಕ.

ತುಂಬ ಜನ ಎಡವೋದು ಡಿಫರ್ಡ್ ಅಡ್ಜುಡಿಕೇಶನ್ ಅನ್ನೋ ಪದದಲ್ಲಿ. ಟೆಕ್ಸಸ್‌ನಲ್ಲಿ ಇದು ಸಾಮಾನ್ಯ. ತಪ್ಪೊಪ್ಪಿಕೊಳ್ತೀರಿ, ಜಡ್ಜ್ ತೀರ್ಪು ತಡೆಹಿಡೀತಾರೆ, ಹೇಳಿದ ಷರತ್ತು ಪಾಲಿಸಿದ್ರೆ ಕೊನೆಗೆ ಕೇಸ್ ವಜಾ. ‘ನಿನ್ನ ಮೇಲೆ ಕನ್ವಿಕ್ಷನ್ ಇಲ್ಲ’ ಅಂತ ಲಾಯರ್ ಹೇಳಿದ್ದು ರಾಜ್ಯದ ಕಾನೂನಿನ ಪ್ರಕಾರ ಸರಿ. ಆದ್ರೆ ಅಮೆರಿಕದ ಇಮಿಗ್ರೇಶನ್ ಕಾಯ್ದೆಯಲ್ಲಿ ಕನ್ವಿಕ್ಷನ್ ಪದಕ್ಕೆ ಅದರದ್ದೇ ವ್ಯಾಖ್ಯೆ ಇದೆ. ತಪ್ಪೊಪ್ಪಿಗೆ ಅಥವಾ ನೋಲೋ ಇದ್ದು, ಜಡ್ಜ್ ಯಾವುದೇ ಥರದ ಶಿಕ್ಷೆ ಅಥವಾ ನಿರ್ಬಂಧ ಹಾಕಿದ್ರೆ ಅದು ಕನ್ವಿಕ್ಷನ್ನೇ. ಅದಕ್ಕೇ ತಪ್ಪೊಪ್ಪಿಗೆ ಫಾರಂ ಫೈಲಲ್ಲಿದೆಯಾ ಇಲ್ವಾ ಅನ್ನೋದು ನಿಮ್ಮ ಜೀವನದ ದಿಕ್ಕು ಬದಲಿಸೋ ಕಾಗದ. ವಜಾ ಆದ ಆದೇಶದ ಒಂದು ಪುಟ ಮಾತ್ರ ತರಿಸಬೇಡಿ, ಆರೋಪ ಪತ್ರ, ಪ್ಲೀ ಕಾಗದ, ಶಿಕ್ಷೆ ಅಥವಾ ಷರತ್ತಿನ ಆದೇಶ, ಷರತ್ತು ಪೂರೈಸಿದ್ದಕ್ಕೆ ಸಾಕ್ಷಿ, ಎಲ್ಲಾ ತರಿಸಿ ಲಾಯರ್ ಕೈಗೆ ಕೊಡಿ.

ಅರ್ಜಿ ಹಾಕೋದು ದೊಡ್ಡ ಕಷ್ಟ ಅಲ್ಲ. ಕ್ಲರ್ಕ್ ಆಫೀಸಿನ ವೆಬ್‌ಸೈಟಲ್ಲಿ ರೆಕಾರ್ಡ್ಸ್ ರಿಕ್ವೆಸ್ಟ್ ಫಾರಂ ಇರತ್ತೆ. ಇಲ್ಲದಿದ್ರೆ ಒಂದು ಪುಟದ ಪತ್ರ ಸಾಕು. ಅದರಲ್ಲಿ ಆರೋಪಿಯ ಪೂರ್ತಿ ಹೆಸರು, ಬೇರೆ ಬೇರೆ ಸ್ಪೆಲಿಂಗ್, ಹುಟ್ಟಿದ ತಾರೀಕು, ಕೇಸ್ ನಂಬರ್, ಅದು ಗೊತ್ತಿಲ್ಲದಿದ್ರೆ ಅರೆಸ್ಟ್ ಆದ ಅಂದಾಜು ತಿಂಗಳು ವರ್ಷ ಮತ್ತು ಯಾವ ಊರಿನ ಪೊಲೀಸ್ ಅನ್ನೋದು, ಯಾವ ಕಾಗದ ಬೇಕು, ಸಾದಾ ಪ್ರತಿಯಾ ಸರ್ಟಿಫೈಡ್ ಪ್ರತಿಯಾ, ನಿಮ್ಮ ವಿಳಾಸ, ಇಷ್ಟು ಬರೀರಿ. ಸರ್ಟಿಫೈಡ್ ಅನ್ನೋ ಪದ ಮರೀಬೇಡಿ. ಕೋರ್ಟಿನ ಮೊಹರು ಇಲ್ಲದ ಪ್ರಿಂಟ್‌ಔಟ್ ಹಿಡ್ಕೊಂಡು ಹೋದ್ರೆ ಮತ್ತೆ ಅದೇ ಸುತ್ತು. ಯಾಕೆ ಬೇಕು ಅಂತ ಕಥೆ ಹೇಳೋ ಅಗತ್ಯ ಇಲ್ಲ. ‘ದಯವಿಟ್ಟು ಸಹಾಯ ಮಾಡಿ ಸರ್, ನನ್ನ ಭವಿಷ್ಯ’ ಅಂತ ಎರಡು ಪ್ಯಾರಾ ಬರೆದ್ರೆ ಕ್ಲರ್ಕಿಗೆ ಕೇಸ್ ನಂಬರ್ ಹುಡುಕೋಕೇ ಕಷ್ಟ ಆಗತ್ತೆ.

ದುಡ್ಡಿನ ಲೆಕ್ಕ ಕ್ಯಾಲಿಫೋರ್ನಿಯಾದ್ದು ಉದಾಹರಣೆಗೆ ಹೇಳ್ತೀನಿ. ಪುಟಕ್ಕೆ 50 ಸೆಂಟ್. ಹುಡುಕೋಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿದ್ರೆ 15 ಡಾಲರ್. ಸರ್ಟಿಫೈ ಮಾಡೋಕೆ 40 ಡಾಲರ್. ಇಪ್ಪತ್ತು ಪುಟದ ಫೈಲ್ ಅಂದ್ರೆ 10 ಡಾಲರ್ ನಕಲಿಗೆ, 40 ಮೊಹರಿಗೆ, ಕೇಸ್ ನಂಬರ್ ಕೊಡದಿದ್ರೆ ಇನ್ನೊಂದು 15. ಅಂದ್ರೆ ನಂಬರ್ ನೀವೇ ಹುಡುಕಿಕೊಂಡ್ರೆ 15 ಡಾಲರ್ ಉಳಿಯೋ ಸಾಧ್ಯತೆ. ಬೇರೆ ರಾಜ್ಯಗಳಲ್ಲಿ ಸರ್ಟಿಫಿಕೇಶನ್ ಇದಕ್ಕಿಂತ ಬಹಳ ಅಗ್ಗ ಇರೋದುಂಟು. ಆಯಾ ಕ್ಲರ್ಕಿನ ಫೀ ಪಟ್ಟಿ ನೋಡ್ಕೊಳ್ಳಿ.

ಭಾರತದಲ್ಲಿ ಕೂತು ತರಿಸೋರಿಗೆ ಸಣ್ಣ ಸಣ್ಣ ಅಡ್ಡಿಗಳೇ ಜಾಸ್ತಿ. ಆನ್‌ಲೈನ್ ಕಾರ್ಡ್ ಪೇಮೆಂಟ್ ಇದ್ರೆ ಅದೇ ಸಲೀಸು. ಇಲ್ಲದಿದ್ರೆ ಅವರು ಕೇಳೋದು ಡಾಲರ್ ಮನಿ ಆರ್ಡರ್ ಅಥವಾ ಅಲ್ಲಿನ ಬ್ಯಾಂಕಿನ ಚೆಕ್. ಜತೆಗೆ ಸ್ಟಾಂಪ್ ಹಚ್ಚಿ ನಮ್ಮ ವಿಳಾಸ ಬರೆದ ಕವರ್ ಕೇಳ್ತಾರೆ. ಗಾಂಧೀಜಿ ಸ್ಟಾಂಪ್ ಅಲ್ಲಿ ನಡೆಯಲ್ಲ ಅಲ್ವಾ. ಹಾಗಾಗಿ ಅಲ್ಲಿರೋ ಗೆಳೆಯರೋ ಕಸಿನ್ನೋ ನಿಮ್ಮ ಪರವಾಗಿ ಕೌಂಟರಿಗೆ ಹೋದ್ರೆ ಒಂದೇ ದಿನದ ಕೆಲಸ ಆಗಬಹುದು. ಫೈಲ್ ಸಾರ್ವಜನಿಕವಾಗಿದ್ರೆ ಯಾರು ಬೇಕಾದ್ರೂ ಕೇಳಬಹುದು. ನಾಚಿಕೆಗೆ ಗೆಳೆಯರಿಗೆ ಹೇಳೋಕಾಗಲ್ಲ ಅನ್ನೋರು ಅಲ್ಲಿನ ಲಾಯರಿಗೆ ದುಡ್ಡು ಕೊಟ್ಟು ಮಾಡಿಸ್ತಾರೆ. ಫೋನ್ ಮಾಡೋದಾದ್ರೆ ಕ್ಯಾಲಿಫೋರ್ನಿಯಾದ ಬೆಳಿಗ್ಗೆ ಎಂಟು ಗಂಟೆ ಅಂದ್ರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಎಂಟೂವರೆ, ಅವರ ಚಳಿಗಾಲದಲ್ಲಿ ಒಂಬತ್ತೂವರೆ. ಆಫೀಸ್ ತೆರೆದ ಮೊದಲ ಹತ್ತು ನಿಮಿಷದಲ್ಲಿ ಲೈನ್ ಸಿಗೋ ಚಾನ್ಸ್ ಜಾಸ್ತಿ.

ಇನ್ನೊಂದು ಗಡಿಯಾರ ಇದೆ, ಅದು ಯಾರಿಗೂ ನೆನಪಿರಲ್ಲ. ಕೋರ್ಟ್‌ಗಳು ಫೈಲ್‌ಗಳನ್ನ ಶಾಶ್ವತವಾಗಿ ಇಡಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಮಿಸ್‌ಡಿಮೀನರ್ ಫೈಲ್ 5 ವರ್ಷ, ಕುಡಿದು ಚಾಲನೆಯ ಮಿಸ್‌ಡಿಮೀನರ್ 10 ವರ್ಷ ಕಳೆದ ಮೇಲೆ ನಾಶ ಮಾಡೋಕೆ ಕಾನೂನಿನಲ್ಲಿ ಅವಕಾಶ ಇದೆ. ಫೆಲನಿ ಆದ್ರೆ 50 ವರ್ಷ ಅಥವಾ ಅದಕ್ಕಿಂತ ಜಾಸ್ತಿ. ಫೈಲ್ ಹೋದ್ರೆ ಕೇಸೂ ಹೋಯ್ತು ಅಂತ ಖುಷಿ ಪಡಬೇಡಿ. ಪೊಲೀಸ್ ಮತ್ತು ಎಫ್‌ಬಿಐ ಪಟ್ಟಿಯಲ್ಲಿ ಅರೆಸ್ಟ್ ಹಾಗೇ ಇರತ್ತೆ, ಅದು ವಜಾ ಆಗಿದೆ ಅಂತ ತೋರಿಸೋ ಕಾಗದ ಮಾತ್ರ ಹೋಗಿರತ್ತೆ. ಆಗ ಮಾಡಬೇಕಾದ್ದು, ‘ಈ ದಾಖಲೆ ನಾಶ ಆಗಿದೆ’ ಅಥವಾ ‘ಈ ಹೆಸರಲ್ಲಿ ದಾಖಲೆ ಸಿಗಲಿಲ್ಲ’ ಅಂತ ಕ್ಲರ್ಕಿನಿಂದ ಮೊಹರು ಹಾಕಿದ ಪತ್ರ ತಗೊಳ್ಳೋದು. ಆ ಪತ್ರಕ್ಕೂ ಬೆಲೆ ಇದೆ.

ಹಾಗೇ ಸೀಲ್ ಅಥವಾ ಎಕ್ಸ್‌ಪಂಜ್ ಮಾಡಿಸೋ ವಿಷಯ. ಸಾರ್ವಜನಿಕರ ಕಣ್ಣಿಂದ ಫೈಲ್ ಮರೆ ಮಾಡಿಸೋ ಅವಕಾಶ ಎಷ್ಟೋ ರಾಜ್ಯಗಳಲ್ಲಿದೆ. ಪೆನ್ಸಿಲ್ವೇನಿಯಾ 2018ರಲ್ಲಿ ಕ್ಲೀನ್ ಸ್ಲೇಟ್ ಅಂತ ಕಾಯ್ದೆ ಮಾಡಿ, ಕೆಲವು ಬಗೆಯ ದಾಖಲೆಗಳು ತಾವಾಗೇ ಸೀಲ್ ಆಗೋ ವ್ಯವಸ್ಥೆ ತಂದ ಮೊದಲ ರಾಜ್ಯ. ಕೆಲಸ ಹುಡುಕೋಕೆ ಇದು ದೊಡ್ಡ ಸಹಾಯ. ಆದ್ರೆ ಸಿಟಿಜನ್‌ಶಿಪ್ ಅರ್ಜಿಯಲ್ಲಿ ಸೀಲ್ ಆಗಿದ್ರೂ, ಎಕ್ಸ್‌ಪಂಜ್ ಆಗಿದ್ರೂ ಅರೆಸ್ಟ್ ವಿಷಯ ಹೇಳಬೇಕು. ಪೇಪರ್ ಕೇಳಿದಾಗ, ‘ನಮ್ಮಲ್ಲಿ ಅಂಥ ಫೈಲೇ ಇಲ್ಲ’ ಅಂತ ಕ್ಲರ್ಕ್ ಹೇಳೋ ಪರಿಸ್ಥಿತಿ ಬರಬಹುದು. ಹಾಗಾಗಿ ಸೀಲ್ ಅರ್ಜಿ ಹಾಕೋ ಮುಂಚೆ ಸರ್ಟಿಫೈಡ್ ಪ್ರತಿ ಎರಡು ಸೆಟ್ ತಗೊಂಡು, ಒಂದನ್ನ ಊರಿನ ಮನೆಯ ಬೀರುವಿನಲ್ಲಿ ಇಡಿ. ನನ್ನ ಕೇಳಿದ್ರೆ ಇಡೀ ಎಪಿಸೋಡಲ್ಲಿ ಮೊಬೈಲ್ ನೋಟ್ಸಲ್ಲಿ ಬರೆದಿಟ್ಟುಕೊಳ್ಳಬೇಕಾದ ಮಾತು ಇದು.

ಕುಡಿದು ಚಾಲನೆ ಕೇಸ್ ಇದ್ದೋರಿಗೆ ಒಂದು ಮಾತು. ಕಳೆದ ಐದು ವರ್ಷದೊಳಗೆ ಅರೆಸ್ಟ್ ಆಗಿದ್ರೆ, ಶಿಕ್ಷೆ ಆಗೋ ತನಕ ಕಾಯದೇ ವೀಸಾ ರದ್ದು ಮಾಡೋ ಅಧಿಕಾರ ಅಲ್ಲಿನ ವಿದೇಶಾಂಗ ಇಲಾಖೆಗಿದೆ. ವೀಸಾ ಫಾರಂ ಡಿಎಸ್-160 ಕೂಡ ಅರೆಸ್ಟ್ ಆಗಿದ್ರಾ ಅಥವಾ ಶಿಕ್ಷೆ ಆಗಿತ್ತಾ ಅಂತ ಎರಡನ್ನೂ ಸೇರಿಸಿ ಕೇಳತ್ತೆ. ಕೇಸ್ ವಜಾ ಆಯ್ತಲ್ಲ ಅಂತ ‘ಇಲ್ಲ’ ಅಂತ ಟಿಕ್ ಮಾಡೋರಿದ್ದಾರೆ. ಚಿಕ್ಕ ಕೇಸಿಗಿಂತ ಆ ಸುಳ್ಳು ದೊಡ್ಡ ಸಮಸ್ಯೆ ಆಗತ್ತೆ.

ಈಗ ಬ್ಯಾಕ್‌ಗ್ರೌಂಡ್ ಚೆಕ್. ಅಮೆರಿಕದ ಕಂಪನಿಯವರು ನಿಮ್ಮ ಬಗ್ಗೆ ತರಿಸೋ ರಿಪೋರ್ಟಿಗೆ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ ಅನ್ವಯಿಸತ್ತೆ. ಅದರ ಆಧಾರದ ಮೇಲೆ ಕೆಲಸ ಇಲ್ಲ ಅನ್ನೋ ಮೊದಲು ರಿಪೋರ್ಟಿನ ಪ್ರತಿ ನಿಮಗೆ ಕೊಡಬೇಕು. ಬೇರೆ ಯಾರದೋ ಕೇಸ್ ನಿಮ್ಮ ಹೆಸರಿಗೆ ಅಂಟಿಕೊಂಡಿದ್ರೆ ರಿಪೋರ್ಟ್ ಮಾಡಿದ ಏಜೆನ್ಸಿಗೆ ತಕರಾರು ಬರೀರಿ. ಸಾಮಾನ್ಯವಾಗಿ 30 ದಿನದಲ್ಲಿ, ಫೀ ಇಲ್ಲದೆ, ಅವರು ಮರುಪರಿಶೀಲನೆ ಮಾಡಬೇಕು. ಜತೆಗೆ ಕೌಂಟಿ ಕ್ಲರ್ಕಿನ ಪ್ರತಿ ಲಗತ್ತಿಸಿದ್ರೆ ವಾದವೇ ಉಳಿಯಲ್ಲ. ಶಿಕ್ಷೆ ಆಗದ ಅರೆಸ್ಟನ್ನ ಏಳು ವರ್ಷ ಆದ ಮೇಲೆ ರಿಪೋರ್ಟಲ್ಲಿ ಹಾಕಬಾರದು ಅಂತಲೂ ಇದೆ. ಆದ್ರೆ ವರ್ಷಕ್ಕೆ 75,000 ಡಾಲರ್ ಅಥವಾ ಹೆಚ್ಚು ಸಂಬಳದ ಕೆಲಸಕ್ಕೆ ಕೇಂದ್ರ ಕಾಯ್ದೆಯ ಆ ಮಿತಿ ಇಲ್ಲ. ಸಾಫ್ಟ್‌ವೇರ್‌ನವರು ಬಹುತೇಕ ಆ ಗೆರೆಯ ಮೇಲೇ ಇರ್ತಾರೆ.

ಕೊನೆಗೆ ಮದುವೆ ವಿಷಯ. ಹುಡುಗ ಒಳ್ಳೇವ್ನಾ ಅಂತ ಮೊದಲು ಅವನ ಊರಿನ ಅಂಗಡಿಯಲ್ಲಿ, ಪಕ್ಕದ ಮನೆಯಲ್ಲಿ ವಿಚಾರಿಸ್ತಿದ್ವಿ. ಹತ್ತು ವರ್ಷದಿಂದ ಅಮೆರಿಕದಲ್ಲಿರೋನ ಬಗ್ಗೆ ಊರಿನ ಅಂಗಡಿಯವರಿಗೇನು ಗೊತ್ತು? ಮಗಳನ್ನ ಅಷ್ಟು ದೂರ ಕಳಿಸೋರು ಕೌಂಟಿ ರೆಕಾರ್ಡ್ ನೋಡೋದ್ರಲ್ಲಿ ತಪ್ಪಿಲ್ಲ ಅಂತ ನನ್ನ ಅಭಿಪ್ರಾಯ. ಹೆಂಡತಿ ಮೇಲೆ ಕೈ ಮಾಡಿದ ಹಳೇ ಕೇಸ್ ಇದ್ರೆ ಅದು ಗೊತ್ತಾಗಬೇಕು. ಆದ್ರೆ ದುಡ್ಡು ಕೇಳೋ ‘ಯಾರ ಬಗ್ಗೆಯಾದ್ರೂ ತಿಳ್ಕೊಳ್ಳಿ’ ಅನ್ನೋ ವೆಬ್‌ಸೈಟ್‌ಗಳನ್ನ ನಂಬಬೇಡಿ. ಒಂದೇ ಹೆಸರಿನ ನಾಲ್ಕು ಜನರ ಮಾಹಿತಿ ಕಲಸಿ ಕೊಡೋದು ಅವುಗಳಿಗೆ ಮಾಮೂಲು. ಅವನು ಇದ್ದ ಪ್ರತಿ ಊರಿನ ಕೌಂಟಿ ಪಟ್ಟಿ ಮಾಡಿ, ಆಯಾ ಕೋರ್ಟಿನ ಅಧಿಕೃತ ಪೋರ್ಟಲ್‌ನಲ್ಲೇ ನೋಡಿ. ಹೆಸರು ಹೊಂದಿದ ಮಾತ್ರಕ್ಕೆ ಅವನೇ ಅಂತ ತೀರ್ಮಾನ ಮಾಡಬೇಡಿ, ವಯಸ್ಸು, ವಿಳಾಸ, ವರ್ಷ ತಾಳೆ ನೋಡಿ. ಅರೆಸ್ಟ್ ಅಂದ ತಕ್ಷಣ ಅಪರಾಧಿ ಅಲ್ಲ, ಡಾಕೆಟ್ ಕೊನೆ ಸಾಲಿನ ತನಕ ಓದಿ. ಏನೂ ಸಿಗದಿದ್ರೆ ಅದರ ಅರ್ಥ ‘ಈ ಕೌಂಟಿಯಲ್ಲಿ, ಈ ಸ್ಪೆಲಿಂಗಲ್ಲಿ, ಸಾರ್ವಜನಿಕವಾಗಿ ಏನೂ ಕಾಣ್ತಿಲ್ಲ’ ಅಂತ ಮಾತ್ರ. ಏನಾದ್ರೂ ಸಿಕ್ಕಿದ್ರೆ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕೋ ಮೊದಲು ಆ ಹುಡುಗನನ್ನೇ ಕೇಳಿ, ‘ಈ ಕೇಸ್ ನಂಬರ್ ನಿಮ್ಮದಾ?’ ಅಂತ. ನಿಜವಾಗಲೂ ವಜಾ ಆಗಿದ್ರೆ ಸರ್ಟಿಫೈಡ್ ಡಿಸ್ಪೊಸಿಶನ್ ತರಿಸಿ ತೋರಿಸೋದು ಅವನಿಗೆ ಹೆಚ್ಚುಕಮ್ಮಿ ಐವತ್ತು ಡಾಲರಿನ ಕೆಲಸ.